ಬೀದರ್–ಬೆಂಗಳೂರು ವಿಮಾನಯಾನದ ದೂರ ಮತ್ತು ಪ್ರಯಾಣದ ಅವಧಿ

ಬೀದರ್–ಬೆಂಗಳೂರು ವಿಮಾನ ಮಾರ್ಗವು ಕರ್ನಾಟಕದ ಉತ್ತರ ತುದಿಯಲ್ಲಿರುವ ಬೀದರ್ ನಗರವನ್ನು ರಾಜ್ಯದ ರಾಜಧಾನಿ ಬೆಂಗಳೂರಿನೊಂದಿಗೆ ಜೋಡಿಸುವ ದೇಶೀಯ ವಾಯುಮಾರ್ಗವಾಗಿದೆ. ಎರಡು ವಿಮಾನ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 523 ಕಿ.ಮೀ. (282 ನಾಟಿಕಲ್ ಮೈಲಿ) ಇದೆ. ರಸ್ತೆಯಲ್ಲಿ ಇದೇ ಪ್ರಯಾಣ ಸುಮಾರು 700 ಕಿ.ಮೀ. ಆಗುತ್ತದೆ. ವಿಮಾನದ ಮಾದರಿಯನ್ನು ಅವಲಂಬಿಸಿ ಹಾರಾಟದ ನಿಗದಿತ ಅವಧಿ ಸುಮಾರು 1 ಗಂಟೆ 10 ನಿಮಿಷದಿಂದ 1 ಗಂಟೆ 40 ನಿಮಿಷದವರೆಗೆ ಇರುತ್ತದೆ. ಆದರೆ ಮನೆಯಿಂದ ಹೊರಟು ಗುರಿ ಸೇರುವವರೆಗಿನ ಒಟ್ಟು ಅವಧಿಯಲ್ಲಿ ಹಾರಾಟದ ಪಾಲು ಚಿಕ್ಕದು. ಅದನ್ನು ನಿರ್ಧರಿಸುವುದು ಬಹುಮಟ್ಟಿಗೆ ನೆಲದ ಮೇಲಿನ ಪ್ರಯಾಣ, ಕಾಯುವಿಕೆ ಮತ್ತು ವಿಮಾನ ಸೇವೆಯ ಲಭ್ಯತೆ.

## ಭೌಗೋಳಿಕ ಹಿನ್ನೆಲೆ

ಬೀದರ್ ಜಿಲ್ಲೆಯು ಪೂರ್ವದಲ್ಲಿ ತೆಲಂಗಾಣ ಹಾಗೂ ಉತ್ತರ ಮತ್ತು ಪಶ್ಚಿಮಗಳಲ್ಲಿ ಮಹಾರಾಷ್ಟ್ರದಿಂದ ಸುತ್ತುವರಿದಿದೆ. ಇದನ್ನು 'ಕರ್ನಾಟಕದ ಮುಕುಟ' ಎಂದೂ ಕರೆಯುವುದುಂಟು. ಜಿಲ್ಲೆಯ ಔರಾದ್, ಭಾಲ್ಕಿ ಮತ್ತು ಕಮಲನಗರ ಭಾಗಗಳ ಊರುಗಳಿಗೆ ಬೆಂಗಳೂರಿಗಿಂತ ಉದಗಿರ, ಲಾತೂರು, ನಾಂದೇಡ ಮತ್ತು ಹೈದರಾಬಾದ್ ನಗರಗಳು ಹೆಚ್ಚು ಸಮೀಪದಲ್ಲಿವೆ. ಔರಾದ್ ಭಾಗದ ಠಾಣಾ ಕುಶನೂರ ಅಂತಹ ಊರುಗಳಲ್ಲೊಂದು.

1956ರ ನವೆಂಬರ್ 1ರವರೆಗೆ ಬೀದರ್ ಜಿಲ್ಲೆಯು ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಆಗ ಜಿಲ್ಲೆಯ ಜನರಿಗೆ ರಾಜಧಾನಿಯು ರಸ್ತೆಯಲ್ಲಿ ಸುಮಾರು 140 ಕಿ.ಮೀ. ದೂರದಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯ ನಂತರ ಬೀದರ್ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಭಾಷೆಯ ದೃಷ್ಟಿಯಿಂದ ಕನ್ನಡ ನಾಡಿಗೆ ಹತ್ತಿರವಾದ ಜಿಲ್ಲೆಯು ಆಡಳಿತ ಕೇಂದ್ರದಿಂದ ಸುಮಾರು ಐದು ಪಟ್ಟು ದೂರ ಸರಿಯಿತು. ಬೀದರ್–ಬೆಂಗಳೂರು ನಡುವಿನ ವಿಮಾನ ಸೇವೆಯ ಬೇಡಿಕೆಯ ಹಿಂದೆ ಈ ಹಿನ್ನೆಲೆಯಿದೆ.

## ದೂರದ ಲೆಕ್ಕಾಚಾರ

ಗೋಳದ ಮೇಲಿನ ಎರಡು ಸ್ಥಳಗಳ ನಡುವಿನ ಅತಿ ಕಡಿಮೆ ದೂರವನ್ನು ಮಹಾವೃತ್ತ ದೂರ ಎನ್ನುತ್ತಾರೆ. ಗೋಳದ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಹೊಂದಿರುವ ವೃತ್ತವು ಮಹಾವೃತ್ತ. ಸಮಭಾಜಕ ವೃತ್ತ ಒಂದು ಮಹಾವೃತ್ತವಾಗಿದ್ದು, ಎಲ್ಲ ರೇಖಾಂಶಗಳೂ ಮಹಾವೃತ್ತಗಳ ಅರ್ಧ ಭಾಗಗಳಾಗಿವೆ. ವಿಮಾನ ಮಾರ್ಗದ ದೂರವೆಂದು ಸಾಮಾನ್ಯವಾಗಿ ನಮೂದಿಸುವ ಸಂಖ್ಯೆ ಈ ಮಹಾವೃತ್ತ ದೂರವೇ ಆಗಿರುತ್ತದೆ.

ಬೀದರ್ ಮತ್ತು ಬೆಂಗಳೂರು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲೆ, ಉತ್ತರ–ದಕ್ಷಿಣವಾಗಿ ಇವೆ. ಆದ್ದರಿಂದ ಈ ಎರಡು ನಗರಗಳ ನಡುವಿನ ದೂರವನ್ನು ತ್ರಿಕೋನಮಿತಿಯ ಕ್ಲಿಷ್ಟ ಸೂತ್ರಗಳಿಲ್ಲದೆ ಲೆಕ್ಕ ಹಾಕಬಹುದು.

* ಬೀದರ್ ವಿಮಾನ ನಿಲ್ದಾಣ: ಸುಮಾರು 17.91° ಉತ್ತರ ಅಕ್ಷಾಂಶ, 77.49° ಪೂರ್ವ ರೇಖಾಂಶ
* ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ, ಬೆಂಗಳೂರು: ಸುಮಾರು 13.20° ಉತ್ತರ ಅಕ್ಷಾಂಶ, 77.71° ಪೂರ್ವ ರೇಖಾಂಶ

ಅಕ್ಷಾಂಶಗಳ ವ್ಯತ್ಯಾಸ 4.71 ಡಿಗ್ರಿ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಇರುವುದರಿಂದ ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 111 ಕಿ.ಮೀ. ಆಗುತ್ತದೆ. 4.71 ಅನ್ನು 111ರಿಂದ ಗುಣಿಸಿದರೆ ಉತ್ತರ–ದಕ್ಷಿಣ ದೂರ 522.8 ಕಿ.ಮೀ. ದೊರೆಯುತ್ತದೆ.

ರೇಖಾಂಶಗಳ ವ್ಯತ್ಯಾಸ 0.22 ಡಿಗ್ರಿ ಮಾತ್ರ. ರೇಖಾಂಶಗಳು ಧ್ರುವಗಳತ್ತ ಹೋದಂತೆ ಪರಸ್ಪರ ಹತ್ತಿರವಾಗುವುದರಿಂದ ಈ ಭಾಗದಲ್ಲಿ ಒಂದು ಡಿಗ್ರಿ ರೇಖಾಂಶದ ಅಗಲ ಸುಮಾರು 107 ಕಿ.ಮೀ. ಇರುತ್ತದೆ. ಅದರಂತೆ ಪೂರ್ವ–ಪಶ್ಚಿಮ ದೂರ ಸುಮಾರು 23.5 ಕಿ.ಮೀ. ಈ ಎರಡನ್ನು ಲಂಬಕೋನ ತ್ರಿಭುಜದ ಬಾಹುಗಳೆಂದು ಭಾವಿಸಿ ಪೈಥಾಗೊರಸ್ ಪ್ರಮೇಯವನ್ನು ಅನ್ವಯಿಸಿದರೆ ಕರ್ಣದ ಉದ್ದ 523.3 ಕಿ.ಮೀ. ಆಗುತ್ತದೆ. ಅಂದರೆ ಪೂರ್ವ–ಪಶ್ಚಿಮ ವ್ಯತ್ಯಾಸವನ್ನು ಪೂರ್ಣವಾಗಿ ಬಿಟ್ಟರೂ ಉತ್ತರದಲ್ಲಿ ಒಂದು ಕಿಲೋಮೀಟರಿನಷ್ಟೂ ದೋಷ ಉಂಟಾಗುವುದಿಲ್ಲ.

ವಿಮಾನಯಾನದಲ್ಲಿ ದೂರವನ್ನು ನಾಟಿಕಲ್ ಮೈಲಿಗಳಲ್ಲಿ ಅಳೆಯುವ ರೂಢಿಯಿದೆ. ಒಂದು ನಾಟಿಕಲ್ ಮೈಲಿ 1.852 ಕಿ.ಮೀ.ಗೆ ಸಮ. ಇದು ಒಂದು ಡಿಗ್ರಿ ಅಕ್ಷಾಂಶದ ಅರವತ್ತನೇ ಒಂದು ಭಾಗವನ್ನು ಆಧರಿಸಿದ ಅಳತೆ. ಆದ್ದರಿಂದ 4.71 ಡಿಗ್ರಿಯನ್ನು 60ರಿಂದ ಗುಣಿಸಿದರೆ ನೇರವಾಗಿ 282.6 ನಾಟಿಕಲ್ ಮೈಲಿ ಎಂಬ ಉತ್ತರ ಸಿಗುತ್ತದೆ.

ರಸ್ತೆ ದೂರವು ನೇರ ದೂರಕ್ಕಿಂತ ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚು. ರಸ್ತೆಗಳು ಊರುಗಳನ್ನು ಜೋಡಿಸುತ್ತ, ನದಿಗಳನ್ನು ಸೇತುವೆಗಳಿರುವ ಕಡೆ ದಾಟುತ್ತ, ಬೆಟ್ಟಗುಡ್ಡಗಳನ್ನು ಬಳಸುತ್ತ ಸಾಗುವುದೇ ಇದಕ್ಕೆ ಕಾರಣ. ಬೀದರಿನಿಂದ ಬೆಂಗಳೂರಿಗೆ ಹೈದರಾಬಾದ್, ಕರ್ನೂಲು ಮತ್ತು ಅನಂತಪುರದ ಮೂಲಕ ಅಥವಾ ಕಲಬುರಗಿ ಮತ್ತು ಚಿತ್ರದುರ್ಗದ ಮೂಲಕ ಹೋಗಬಹುದು. ಇವುಗಳಲ್ಲಿ ಮೊದಲನೆಯದು ಹೆಚ್ಚಾಗಿ ನೆರೆ ರಾಜ್ಯಗಳಲ್ಲಿ ಸಾಗುತ್ತದೆ. ಎರಡನೆಯದು ಪಶ್ಚಿಮಕ್ಕೆ ಬಳಸಿ ಬರುತ್ತದೆ.

## ಹಾರಾಟದ ಅವಧಿ

ದೂರವನ್ನು ವಿಮಾನದ ವೇಗದಿಂದ ಭಾಗಿಸಿದರೆ ಹಾರಾಟದ ಅವಧಿ ಸಿಗಬೇಕು. ಆದರೆ ಕಡಿಮೆ ದೂರದ ಮಾರ್ಗಗಳಲ್ಲಿ ಈ ಲೆಕ್ಕ ವಾಸ್ತವಕ್ಕಿಂತ ಬಹಳ ಕಡಿಮೆ ಸಮಯವನ್ನು ತೋರಿಸುತ್ತದೆ.

ಈ ಮಾರ್ಗದಲ್ಲಿ ಮೊದಲು ಬಳಕೆಯಾದ ಎಟಿಆರ್ 72 ವಿಮಾನವು ಪ್ರೊಪೆಲ್ಲರ್ ಚಾಲಿತವಾಗಿದ್ದು, ಗಂಟೆಗೆ ಸುಮಾರು 500 ಕಿ.ಮೀ. ವೇಗದಲ್ಲಿ ಹಾರುತ್ತದೆ. ಅದರ ಪ್ರಕಾರ ಅವಧಿ 1 ಗಂಟೆ 3 ನಿಮಿಷ ಆಗಬೇಕು. ವೇಳಾಪಟ್ಟಿಯಲ್ಲಿ ಅದು ಸುಮಾರು 1 ಗಂಟೆ 40 ನಿಮಿಷ ಇತ್ತು. ಎಂಬ್ರೇಯರ್ ಜೆಟ್ ವಿಮಾನಗಳು ಗಂಟೆಗೆ ಸುಮಾರು 800 ಕಿ.ಮೀ. ವೇಗವನ್ನು ತಲುಪುತ್ತವೆ. ಅವುಗಳಿಗೆ ಲೆಕ್ಕದ ಪ್ರಕಾರ ಸುಮಾರು 39 ನಿಮಿಷ ಸಾಕು. ವಾಸ್ತವದಲ್ಲಿ 1 ಗಂಟೆ 10 ನಿಮಿಷದಿಂದ 1 ಗಂಟೆ 20 ನಿಮಿಷದಷ್ಟು ಸಮಯವನ್ನು ನಿಗದಿಪಡಿಸಲಾಗುತ್ತದೆ.

ಈ ವ್ಯತ್ಯಾಸಕ್ಕೆ ಕಾರಣ ವೇಳಾಪಟ್ಟಿಯಲ್ಲಿ ನೀಡುವ ಅವಧಿಯ ಅರ್ಥದಲ್ಲಿದೆ. ಇದನ್ನು ಬ್ಲಾಕ್ ಸಮಯ ಎನ್ನುತ್ತಾರೆ. ವಿಮಾನವು ನಿಂತ ಸ್ಥಳದಿಂದ ಕದಲಿದ ಕ್ಷಣದಿಂದ ಗುರಿಯ ನಿಲ್ದಾಣದಲ್ಲಿ ಮತ್ತೆ ನಿಲ್ಲುವವರೆಗಿನ ಸಮಯವೇ ಬ್ಲಾಕ್ ಸಮಯ. ಇದರಲ್ಲಿ ಕೆಳಗಿನ ಹಂತಗಳು ಸೇರಿವೆ.

* ರನ್‌ವೇಯವರೆಗೆ ನೆಲದ ಮೇಲೆ ಸಾಗುವುದು ಮತ್ತು ಅನುಮತಿಗಾಗಿ ಕಾಯುವುದು
* ಮೇಲೇರುವ ಹಂತ. ಇದರಲ್ಲಿ ವಿಮಾನವು ತನ್ನ ಪೂರ್ಣ ವೇಗದಲ್ಲಿ ಇರುವುದಿಲ್ಲ
* ನಿಗದಿತ ಎತ್ತರದಲ್ಲಿ ಸಮತಲ ಹಾರಾಟ
* ಕೆಳಗಿಳಿಯುವ ಹಂತ ಮತ್ತು ರನ್‌ವೇಯ ದಿಕ್ಕಿಗೆ ತಿರುಗಿ ಸಾಲಿನಲ್ಲಿ ಸೇರುವುದು
* ಇಳಿದ ನಂತರ ನಿಲುಗಡೆಯವರೆಗಿನ ಚಲನೆ

ಬೆಂಗಳೂರಿನಂತಹ ದಟ್ಟಣೆಯ ನಿಲ್ದಾಣದಲ್ಲಿ ಈ ಹಂತಗಳಿಗೆ ಹೆಚ್ಚು ಸಮಯ ಬೇಕಾಗುತ್ತದೆ. ವಿಮಾನದ ವೇಗ ಹೆಚ್ಚಾದರೂ ಸಮತಲ ಹಾರಾಟದ ಭಾಗ ಮಾತ್ರ ಕಡಿಮೆಯಾಗುತ್ತದೆ. ಉಳಿದ ಹಂತಗಳ ಸಮಯದಲ್ಲಿ ಹೆಚ್ಚಿನ ಬದಲಾವಣೆ ಆಗುವುದಿಲ್ಲ. ಹೀಗಾಗಿ ವೇಗ ಶೇಕಡ 60ರಷ್ಟು ಹೆಚ್ಚಾದರೂ ಈ ಮಾರ್ಗದಲ್ಲಿ ಉಳಿಯುವ ಸಮಯ ಅರ್ಧ ಗಂಟೆ ಅಥವಾ ಅದಕ್ಕೂ ಕಡಿಮೆ.

ಗಾಳಿಯ ಪರಿಣಾಮವೂ ಇಲ್ಲಿ ಸೀಮಿತ. ಮೇಲಿನ ವಾಯುಮಂಡಲದ ಪ್ರಬಲ ಗಾಳಿಗಳು ಹೆಚ್ಚಾಗಿ ಪೂರ್ವ–ಪಶ್ಚಿಮ ದಿಕ್ಕಿನಲ್ಲಿ ಬೀಸುತ್ತವೆ. ಉತ್ತರ–ದಕ್ಷಿಣವಾಗಿ ಹಾರುವ ವಿಮಾನಕ್ಕೆ ಅವು ಅಡ್ಡಗಾಳಿಗಳಾಗುತ್ತವೆ. ಆದ್ದರಿಂದ ಹೋಗುವ ಮತ್ತು ಬರುವ ಹಾರಾಟಗಳ ಅವಧಿ ಬಹುತೇಕ ಸಮನಾಗಿರುತ್ತದೆ.

## ಒಟ್ಟು ಪ್ರಯಾಣದ ಅವಧಿ

ಪ್ರಯಾಣಿಕರ ದೃಷ್ಟಿಯಲ್ಲಿ ಮುಖ್ಯವಾದುದು ಮನೆಯಿಂದ ಗುರಿಯವರೆಗಿನ ಅವಧಿ. ಠಾಣಾ ಕುಶನೂರದಿಂದ ಬೆಂಗಳೂರಿನ ಕೇಂದ್ರ ಭಾಗಕ್ಕೆ ಹೋಗುವ ಒಬ್ಬ ಪ್ರಯಾಣಿಕರ ಅಂದಾಜು ಲೆಕ್ಕ ಹೀಗಿರುತ್ತದೆ.

* ಊರಿನಿಂದ ಬೀದರ್ ವಿಮಾನ ನಿಲ್ದಾಣಕ್ಕೆ ರಸ್ತೆ ಪ್ರಯಾಣ: ಸುಮಾರು 1 ಗಂಟೆ 15 ನಿಮಿಷ
* ಹಾರಾಟಕ್ಕೆ ಮುಂಚಿನ ತಪಾಸಣೆ ಮತ್ತು ಕಾಯುವಿಕೆ: ಸುಮಾರು 1 ಗಂಟೆ 30 ನಿಮಿಷ
* ಜೆಟ್ ವಿಮಾನದಲ್ಲಿ ಹಾರಾಟ: ಸುಮಾರು 1 ಗಂಟೆ 10 ನಿಮಿಷ
* ಇಳಿದು ಸಾಮಾನು ಪಡೆದು ಹೊರಬರುವುದು: ಸುಮಾರು 30 ನಿಮಿಷ
* ದೇವನಹಳ್ಳಿ ಸಮೀಪದ ನಿಲ್ದಾಣದಿಂದ ನಗರದ ಕೇಂದ್ರಕ್ಕೆ: ಸುಮಾರು 1 ಗಂಟೆ 30 ನಿಮಿಷ

ಇವುಗಳ ಮೊತ್ತ ಸುಮಾರು 6 ಗಂಟೆ. ಇದರಲ್ಲಿ ಆಕಾಶ ಮಾರ್ಗದ ಪಾಲು ಐದನೇ ಒಂದು ಭಾಗದಷ್ಟು. ಕೊನೆಯ ಸುಮಾರು 35 ಕಿ.ಮೀ.ಗಳ ರಸ್ತೆ ಪ್ರಯಾಣಕ್ಕೆ ಅದಕ್ಕೂ ಮುಂಚಿನ 523 ಕಿ.ಮೀ.ಗಳಿಗಿಂತ ಹೆಚ್ಚು ಸಮಯ ತಗಲಬಹುದು. ಸಂಚಾರ ದಟ್ಟಣೆಯ ವೇಳೆಯಲ್ಲಿ ಈ ಅವಧಿ ಇನ್ನೂ ಹೆಚ್ಚುತ್ತದೆ.

### ಸೇವೆಗಳ ಸಂಖ್ಯೆಯ ಪರಿಣಾಮ

ದಿನಕ್ಕೆ ಒಂದೇ ವಿಮಾನ ಇರುವ ಮಾರ್ಗದಲ್ಲಿ ವಿಮಾನವು ಸಾಮಾನ್ಯವಾಗಿ ಬೆಂಗಳೂರಿನಿಂದ ಹೊರಟು ಬೀದರ್ ತಲುಪಿ, ಸ್ವಲ್ಪ ಸಮಯದ ನಂತರ ಬೆಂಗಳೂರಿಗೆ ಹಿಂದಿರುಗುತ್ತದೆ. ಬೀದರಿನಿಂದ ಹೋದವರು ಬೆಂಗಳೂರು ತಲುಪುವ ವೇಳೆಗೆ ಆ ದಿನ ಬೀದರಿಗೆ ಹೋಗುವ ವಿಮಾನ ಆಗಲೇ ಹಾರಿ ಹೋಗಿರುತ್ತದೆ. ಬೆಂಗಳೂರಿನಿಂದ ಬಂದವರೂ ಅದೇ ದಿನ ಕೆಲಸ ಮುಗಿಸಿ ವಿಮಾನದಲ್ಲಿ ಹಿಂದಿರುಗಲಾರರು. ಆದ್ದರಿಂದ ಹಾರಾಟ ಒಂದು ಗಂಟೆಯದಾದರೂ ಹೋಗಿ ಬರುವ ಪ್ರಯಾಣಕ್ಕೆ ಕನಿಷ್ಠ ಒಂದು ರಾತ್ರಿಯ ತಂಗುವಿಕೆ ಸೇರುತ್ತದೆ. ವಾರದ ಎಲ್ಲ ದಿನಗಳಲ್ಲಿ ಸೇವೆ ಇಲ್ಲದಿದ್ದಾಗ ಈ ಕಾಯುವಿಕೆ ಮತ್ತಷ್ಟು ಹೆಚ್ಚುತ್ತದೆ.

## ಮಾರ್ಗದ ಇತಿಹಾಸ

ಬೀದರ್ ವಿಮಾನ ನಿಲ್ದಾಣವು ಭಾರತೀಯ ವಾಯುಪಡೆಯ ನೆಲೆಯ ಆವರಣಕ್ಕೆ ಹೊಂದಿಕೊಂಡಿದೆ. ಈ ನೆಲೆಯು ಯುದ್ಧವಿಮಾನ ಚಾಲಕರ ತರಬೇತಿಯ ಪ್ರಮುಖ ಕೇಂದ್ರವಾಗಿದ್ದು, ಇಲ್ಲಿ ಹಾಕ್ ತರಬೇತಿ ವಿಮಾನಗಳಿವೆ. ವಾಯುಪಡೆಯ ವೈಮಾನಿಕ ಪ್ರದರ್ಶನ ತಂಡ 'ಸೂರ್ಯಕಿರಣ' ಕೂಡ ಇಲ್ಲಿಯದೇ. ರನ್‌ವೇ ವಾಯುಪಡೆಯದಾಗಿರುವುದರಿಂದ ನಾಗರಿಕ ವಿಮಾನಗಳ ಸಮಯವನ್ನು ತರಬೇತಿ ಹಾರಾಟಗಳೊಂದಿಗೆ ಹೊಂದಿಸಬೇಕಾಗುತ್ತದೆ.

ನಾಗರಿಕ ವಿಮಾನ ಸೇವೆ ಆರಂಭವಾಗುವಲ್ಲಿ ವಿಳಂಬಕ್ಕೆ ಒಂದು ಕಾರಣ ಹೈದರಾಬಾದಿನ ಸಾಮೀಪ್ಯ. ಶಂಷಾಬಾದಿನಲ್ಲಿ 2008ರಲ್ಲಿ ಆರಂಭವಾದ ರಾಜೀವ್ ಗಾಂಧಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದ ಒಪ್ಪಂದದಲ್ಲಿ 150 ಕಿ.ಮೀ. ವ್ಯಾಪ್ತಿಯೊಳಗಿನ ಇತರ ವಿಮಾನ ನಿಲ್ದಾಣಗಳ ಮೇಲೆ ನಿರ್ಬಂಧವಿತ್ತು. ಎರಡು ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 124 ಕಿ.ಮೀ. ಆಗಿದ್ದು, ಬೀದರ್ ಈ ವ್ಯಾಪ್ತಿಯೊಳಗೆ ಬರುತ್ತಿತ್ತು. ಇದರಿಂದಾಗಿ ಬೀದರಿನಲ್ಲಿ ಟರ್ಮಿನಲ್ ಕಟ್ಟಡ ಇದ್ದರೂ ಹಲವು ವರ್ಷ ಅದು ಬಳಕೆಗೆ ಬರಲಿಲ್ಲ.

ಸಣ್ಣ ನಗರಗಳಿಗೆ ವಿಮಾನ ಸಂಪರ್ಕ ಒದಗಿಸುವ ಉದ್ದೇಶದಿಂದ ಕೇಂದ್ರ ಸರ್ಕಾರವು 2016ರಲ್ಲಿ 'ಉಡಾನ್' ಯೋಜನೆಯನ್ನು ರೂಪಿಸಿತು. ಸುಮಾರು ಒಂದು ಗಂಟೆಯ ಅಥವಾ 500 ಕಿ.ಮೀ.ಗಳ ಹಾರಾಟಕ್ಕೆ ನಿರ್ದಿಷ್ಟ ಸಂಖ್ಯೆಯ ಆಸನಗಳನ್ನು ₹2,500ರ ಮಿತಿಯಲ್ಲಿ ನೀಡುವುದು ಯೋಜನೆಯ ಆರಂಭಿಕ ನಿಯಮವಾಗಿತ್ತು. ವಿಮಾನ ಸಂಸ್ಥೆಗೆ ಇದರಿಂದಾಗುವ ಕೊರತೆಯನ್ನು ತುಂಬಲು ಮೂರು ವರ್ಷಗಳವರೆಗೆ ನೆರವು ನೀಡಲಾಗುತ್ತದೆ.

ಈ ಯೋಜನೆಯಡಿ 2020ರ ಫೆಬ್ರವರಿ 7ರಂದು ಬೀದರ್ ವಿಮಾನ ನಿಲ್ದಾಣವು ನಾಗರಿಕ ಸೇವೆಗೆ ತೆರೆದುಕೊಂಡಿತು. ಅಂದಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪ ಇದನ್ನು ಉದ್ಘಾಟಿಸಿದರು. ಟ್ರೂಜೆಟ್ ಸಂಸ್ಥೆಯು ಎಟಿಆರ್ 72 ವಿಮಾನದಿಂದ ಬೆಂಗಳೂರಿಗೆ ಸೇವೆ ಆರಂಭಿಸಿತು. ಕೆಲವೇ ವಾರಗಳಲ್ಲಿ, ಕೋವಿಡ್ ಕಾರಣದಿಂದ ಮಾರ್ಚ್ 25ರಂದು ದೇಶದಾದ್ಯಂತ ದೇಶೀಯ ವಿಮಾನ ಸಂಚಾರ ಸ್ಥಗಿತಗೊಂಡು, ಮೇ 25ರಂದು ಹಂತಹಂತವಾಗಿ ಪುನರಾರಂಭವಾಯಿತು. ಟ್ರೂಜೆಟ್ 2022ರ ಆರಂಭದಲ್ಲಿ ತನ್ನ ಎಲ್ಲ ಹಾರಾಟಗಳನ್ನು ನಿಲ್ಲಿಸಿತು.

2022ರ ಜೂನ್‌ನಲ್ಲಿ ಸ್ಟಾರ್ ಏರ್ ಸಂಸ್ಥೆಯು ಎಂಬ್ರೇಯರ್ ಜೆಟ್ ವಿಮಾನದೊಂದಿಗೆ ಈ ಮಾರ್ಗದಲ್ಲಿ ಸೇವೆ ಆರಂಭಿಸಿತು. 2023ರ ಕೊನೆಯ ಹೊತ್ತಿಗೆ ಈ ಸೇವೆಯೂ ನಿಂತು, ಒಂದು ವರ್ಷಕ್ಕೂ ಹೆಚ್ಚು ಕಾಲ ಬೀದರಿಗೆ ವಿಮಾನ ಸಂಪರ್ಕ ಇರಲಿಲ್ಲ. ರಾಜ್ಯ ಸರ್ಕಾರದ ನೆರವಿನೊಂದಿಗೆ 2025ರ ಏಪ್ರಿಲ್‌ನಲ್ಲಿ ಸ್ಟಾರ್ ಏರ್ ಸೇವೆ ಪುನರಾರಂಭವಾಯಿತು.

## ಪರ್ಯಾಯ ಮಾರ್ಗಗಳು

### ಹೈದರಾಬಾದ್ ಮೂಲಕ ವಿಮಾನ

ಬೀದರಿನಿಂದ ಶಂಷಾಬಾದಿಗೆ ರಸ್ತೆಯಲ್ಲಿ ಸುಮಾರು 3 ಗಂಟೆಯ ಪ್ರಯಾಣ. ಅಲ್ಲಿಂದ ಬೆಂಗಳೂರಿಗೆ ನೇರ ದೂರ ಸುಮಾರು 455 ಕಿ.ಮೀ. ಈ ಹಾರಾಟದ ಅವಧಿಯೂ ಸುಮಾರು 1 ಗಂಟೆ 10 ನಿಮಿಷವೇ ಆಗಿರುತ್ತದೆ. ಠಾಣಾ ಕುಶನೂರದಿಂದ ಈ ಮಾರ್ಗದಲ್ಲಿ ಒಟ್ಟು ಸುಮಾರು 9 ಗಂಟೆ ಬೇಕಾಗುತ್ತದೆ. ಬೀದರಿನ ನೇರ ವಿಮಾನಕ್ಕೆ ಹೋಲಿಸಿದರೆ ಇದು 3 ಗಂಟೆ ಹೆಚ್ಚು. ಆದರೆ ಹೈದರಾಬಾದಿನಿಂದ ಬೆಂಗಳೂರಿಗೆ ದಿನವಿಡೀ ಅನೇಕ ವಿಮಾನಗಳಿರುವುದರಿಂದ ಒಂದು ತಪ್ಪಿದರೆ ಇನ್ನೊಂದನ್ನು ಹಿಡಿಯಬಹುದು. ನೇರ ಸೇವೆ ಇಲ್ಲದ ದಿನಗಳಲ್ಲಿ ಇದೇ ಜಿಲ್ಲೆಯ ಜನರ ವಿಮಾನ ಮಾರ್ಗವಾಗಿರುತ್ತದೆ.

### ರೈಲು ಮತ್ತು ಬಸ್

ಬೀದರ್, ಭಾಲ್ಕಿ ಮತ್ತು ಕಮಲನಗರ ನಿಲ್ದಾಣಗಳು ವಿಕಾರಾಬಾದ್–ಲಾತೂರು ರೋಡ್–ಪರಳಿ ರೈಲು ಮಾರ್ಗದಲ್ಲಿವೆ. ಈ ಮಾರ್ಗವು ಜಿಲ್ಲೆಯನ್ನು ತೆಲಂಗಾಣ ಮತ್ತು ಮಹಾರಾಷ್ಟ್ರಗಳೊಂದಿಗೆ ಜೋಡಿಸುತ್ತದೆ. ಬೀದರನ್ನು ಕಲಬುರಗಿಯೊಂದಿಗೆ ನೇರವಾಗಿ ಜೋಡಿಸುವ ಸುಮಾರು 110 ಕಿ.ಮೀ. ಉದ್ದದ ರೈಲು ಮಾರ್ಗವನ್ನು 2017ರ ಅಕ್ಟೋಬರ್ 29ರಂದು ಪ್ರಧಾನಮಂತ್ರಿ ನರೇಂದ್ರ ಮೋದಿ ಉದ್ಘಾಟಿಸಿದರು. ಬೆಂಗಳೂರಿಗೆ ರೈಲು ಮತ್ತು ಬಸ್ ಪ್ರಯಾಣಗಳೆರಡಕ್ಕೂ ಸಾಮಾನ್ಯವಾಗಿ 12 ಗಂಟೆ ಅಥವಾ ಹೆಚ್ಚು ಸಮಯ ತಗಲುತ್ತದೆ. ರಾತ್ರಿ ನಿದ್ರೆಯ ಸಮಯದಲ್ಲಿ ದೂರ ಕ್ರಮಿಸುವುದರಿಂದ ಮತ್ತು ಖರ್ಚು ಕಡಿಮೆ ಇರುವುದರಿಂದ ಬಹುಪಾಲು ಜನರು ಇವುಗಳನ್ನೇ ಅವಲಂಬಿಸಿದ್ದಾರೆ.

## ದೀರ್ಘ ಮಾರ್ಗದೊಂದಿಗೆ ಹೋಲಿಕೆ

ದೂರ ಹೆಚ್ಚಾದಂತೆ ಅವಧಿಯ ಲೆಕ್ಕಾಚಾರದ ಸ್ವರೂಪ ಬದಲಾಗುತ್ತದೆ. ಬೆಂಗಳೂರಿನಿಂದಲೇ ಹೊರಡುವ ಅತಿ ದೀರ್ಘ ಮಾರ್ಗಗಳಲ್ಲೊಂದಾದ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಇದಕ್ಕೆ ಉತ್ತಮ ನಿದರ್ಶನ. ಈ ನಗರಗಳ ನಡುವಿನ ನೇರ ದೂರ ಸುಮಾರು 14,000 ಕಿ.ಮೀ. ಏರ್ ಇಂಡಿಯಾ ಸಂಸ್ಥೆಯು 2021ರ ಜನವರಿಯಲ್ಲಿ ಇಲ್ಲಿ ತಡೆರಹಿತ ಸೇವೆಯನ್ನು ಆರಂಭಿಸಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಚಾಲಕರ ತಂಡವು ಮೊದಲ ವಿಮಾನವನ್ನು ಉತ್ತರ ಧ್ರುವ ಪ್ರದೇಶದ ಮೂಲಕ ಬೆಂಗಳೂರಿಗೆ ತಂದಿತು. ಸಾಮಾನ್ಯ ಭೂಪಟದಲ್ಲಿ ಈ ಮಾರ್ಗ ಬಳಸುದಾರಿಯಂತೆ ಕಂಡರೂ ಗೋಳದ ಮೇಲೆ ನೂಲು ಎಳೆದು ನೋಡಿದರೆ ಇದೇ ಹತ್ತಿರದ ದಾರಿ ಎಂಬುದು ತಿಳಿಯುತ್ತದೆ.

ಇಂತಹ ಮಾರ್ಗದಲ್ಲಿ ಮೇಲೇರುವ ಮತ್ತು ಇಳಿಯುವ ಹಂತಗಳ ಪಾಲು ಅತ್ಯಲ್ಪ. ಅದರ ಬದಲಿಗೆ ಗಾಳಿಯ ದಿಕ್ಕು ಮುಖ್ಯವಾಗುತ್ತದೆ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಪ್ರಬಲ ಜೆಟ್ ಪ್ರವಾಹವು ಪೂರ್ವಕ್ಕೆ ಹಾರುವ ವಿಮಾನಕ್ಕೆ ನೆರವಾಗುತ್ತದೆ. ಪಶ್ಚಿಮಕ್ಕೆ ಹಾರುವ ವಿಮಾನಕ್ಕೆ ಎದುರುಗಾಳಿಯಾಗುತ್ತದೆ. ಆದ್ದರಿಂದ ಹೋಗುವ ಮತ್ತು ಬರುವ ಮಾರ್ಗಗಳೂ ಅವಧಿಗಳೂ ಬೇರೆಯಾಗಬಹುದು.

ಗಡಿಯಾರದ ಲೆಕ್ಕವೂ ಬೇರೆಯಾಗುತ್ತದೆ. ಮೊದಲ ವಿಮಾನವು ವೇಳಾಪಟ್ಟಿಯಂತೆ ಜನವರಿ 9ರ ರಾತ್ರಿ 8:30ಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು ಜನವರಿ 11ರ ಬೆಳಗಿನ ಜಾವ 3:45ಕ್ಕೆ ಬೆಂಗಳೂರು ತಲುಪಬೇಕಿತ್ತು. ಮೇಲ್ನೋಟಕ್ಕೆ ಇದು 31 ಗಂಟೆ 15 ನಿಮಿಷ. ಚಳಿಗಾಲದಲ್ಲಿ ಭಾರತದ ಸಮಯವು ಅಲ್ಲಿಗಿಂತ 13 ಗಂಟೆ 30 ನಿಮಿಷ ಮುಂದಿರುತ್ತದೆ. ಅದನ್ನು ಕಳೆದರೆ ಹಾರಾಟದ ನಿಜವಾದ ಅವಧಿ 17 ಗಂಟೆ 45 ನಿಮಿಷ. ಬೀದರ್ ಮತ್ತು ಬೆಂಗಳೂರು ಒಂದೇ ಭಾರತೀಯ ಪ್ರಮಾಣ ಸಮಯವನ್ನು ಅನುಸರಿಸುವುದರಿಂದ ಇಲ್ಲಿ ಇಂತಹ ತಿದ್ದುಪಡಿಯ ಅಗತ್ಯವಿಲ್ಲ.

## ಮಹತ್ವ

ವಿಧಾನಸೌಧ ಮತ್ತು ರಾಜ್ಯಮಟ್ಟದ ಕಚೇರಿಗಳು, ನಿಮ್ಹಾನ್ಸ್ ಹಾಗೂ ಕಿದ್ವಾಯಿ ಗಂಥಿ ಸಂಸ್ಥೆಯಂತಹ ವಿಶೇಷ ಆಸ್ಪತ್ರೆಗಳು ಮತ್ತು ಉದ್ಯೋಗಾವಕಾಶಗಳು ಬೆಂಗಳೂರಿನಲ್ಲಿ ಕೇಂದ್ರೀಕೃತವಾಗಿವೆ. ಒಂದು ಅರ್ಜಿಯ ವಿಚಾರಣೆಗೆ ಅಥವಾ ಒಂದು ಸಂದರ್ಶನಕ್ಕೆ ಬೀದರ್ ಜಿಲ್ಲೆಯಿಂದ ಬಸ್ಸಿನಲ್ಲಿ ಹೋಗಿ ಬರುವವರು ಎರಡು ರಾತ್ರಿಗಳನ್ನು ಪ್ರಯಾಣದಲ್ಲಿ ಕಳೆಯಬೇಕಾಗುತ್ತದೆ. ದೀರ್ಘ ರಸ್ತೆ ಪ್ರಯಾಣವನ್ನು ತಾಳಿಕೊಳ್ಳಲಾರದ ರೋಗಿಗಳಿಗೆ ಮತ್ತು ವೃದ್ಧರಿಗೆ ಈ ವ್ಯತ್ಯಾಸ ಇನ್ನೂ ದೊಡ್ಡದು.

ಕಲ್ಯಾಣ ಕರ್ನಾಟಕದ ಹಿಂದುಳಿದಿರುವಿಕೆಯನ್ನು ಪರಿಗಣಿಸಿ ಸಂವಿಧಾನಕ್ಕೆ 371(ಜೆ) ವಿಧಿಯನ್ನು ಸೇರಿಸಲಾಗಿದೆ. ಕಲಬುರಗಿಯಲ್ಲಿ ಹೈಕೋರ್ಟ್ ಪೀಠ ಸ್ಥಾಪನೆಯಾದ ನಂತರ ನ್ಯಾಯಾಲಯದ ಕೆಲಸಕ್ಕಾಗಿ ಬೀದರಿನ ಜನರು ಬೆಂಗಳೂರಿಗೆ ಹೋಗಬೇಕಾದ ಅಗತ್ಯ ಬಹುಮಟ್ಟಿಗೆ ಕಡಿಮೆಯಾಯಿತು. ವಿಮಾನ ಸಂಪರ್ಕ ಜನರನ್ನು ರಾಜಧಾನಿಗೆ ಬೇಗ ತಲುಪಿಸಿದರೆ, ಇಂತಹ ಕ್ರಮಗಳು ಪ್ರಯಾಣದ ಅಗತ್ಯವನ್ನೇ ಕಡಿಮೆ ಮಾಡುತ್ತವೆ.

ಎರಡು ನಗರಗಳ ನಡುವಿನ 523 ಕಿ.ಮೀ. ಬದಲಾಗದ ಸಂಖ್ಯೆ. ಪ್ರಯಾಣದ ಅವಧಿ ಹಾಗಲ್ಲ: ನೇರ ವಿಮಾನ ಇರುವ ದಿನ ಠಾಣಾ ಕುಶನೂರದಿಂದ ಬೆಂಗಳೂರು ಸುಮಾರು 6 ಗಂಟೆಯ ದಾರಿ, ಹೈದರಾಬಾದಿನ ಮೂಲಕ 9 ಗಂಟೆಯ ದಾರಿ, ರಸ್ತೆ ಅಥವಾ ರೈಲಿನಲ್ಲಿ ಒಂದು ಇಡೀ ರಾತ್ರಿಯ ದಾರಿ.

## ಇವನ್ನೂ ನೋಡಿ

* ಬೀದರ್ ಜಿಲ್ಲೆ
* ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ
* ಕಲ್ಯಾಣ ಕರ್ನಾಟಕ
* ಮಹಾವೃತ್ತ
* ನಾಟಿಕಲ್ ಮೈಲಿ